ಐದು ಜನ, ಎರಡು ಬಚ್ಚಲು: ಸಿಂಗಪುರದ ದೊಡ್ಡ ಹೋಟೆಲಿನಲ್ಲಿ ಸಂಸಾರ ಹೂಡುವ ಲೆಕ್ಕ

ಲಿಫ್ಟಿನಲ್ಲಿ 14 ಒತ್ತಿದರೆ ದೀಪ ಹತ್ತಲಿಲ್ಲ. ಅತ್ತೆ ಇನ್ನೊಂದು ಸಲ ಒತ್ತಿದರು, ಕಾರ್ಡು ತಿರುಗಿಸಿ ಹಿಡಿದು ಒತ್ತಿದರು, ಕೊನೆಗೆ ಕಾರ್ಡನ್ನು ಸೆರಗಿನಿಂದ ಒರೆಸಿಯೂ ನೋಡಿದರು. ಅವರ ಕೋಣೆ 9ನೇ ಮಹಡಿಯಲ್ಲಿ, ನಮ್ಮದು 14ರಲ್ಲಿ. ದೊಡ್ಡ ಹೋಟೆಲುಗಳಲ್ಲಿ ಬಹಳಷ್ಟು ಕಡೆ ಕೋಣೆಯ ಕಾರ್ಡು ನಿಮ್ಮ ಮಹಡಿಗೆ ಮಾತ್ರ ಲಿಫ್ಟ್ ಬಿಡುತ್ತದೆ, ಮಗನ ಮಹಡಿಗೆ ಬಿಡುವುದಿಲ್ಲ. ಇದು ಅವರಿಗೆ ಗೊತ್ತಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಆರು ವರ್ಷದ ಮೊಮ್ಮಗನ ಕೈ ಹಿಡಿದುಕೊಂಡು ಲಾಬಿಗೆ ಇಳಿದು, ಆಳೆತ್ತರದ ಹೂದಾನಿಯ ಪಕ್ಕ ಸೋಫಾದ ತುದಿಯಲ್ಲಿ ಕೂತು, ನಾವು ಕೆಳಗೆ ಬರುವವರೆಗೂ ಕಾದರು. ರೋಮಿಂಗ್ ಹಾಕಿಸಿದ್ದು ನನ್ನ ಮತ್ತು ಇವರ ಫೋನಿಗೆ ಮಾತ್ರ.

ಬುಕ್ ಮಾಡುವಾಗ ನಾನು ‘ಕನೆಕ್ಟಿಂಗ್ ರೂಮ್ ಬೇಕು’, ಅಂದರೆ ನಡುವೆ ಒಳಬಾಗಿಲಿರುವ ಎರಡು ಕೋಣೆ ಬೇಕು ಎಂದು ಬರೆದಿದ್ದೆ. ಬರೆದದ್ದು ‘ಸ್ಪೆಷಲ್ ರಿಕ್ವೆಸ್ಟ್’ ಎಂಬ ಚೌಕದೊಳಗೆ. ಆ ಚೌಕ ದೇವಸ್ಥಾನದ ಹುಂಡಿ ಇದ್ದ ಹಾಗೆ. ಹಾಕಬಹುದು, ರಸೀದಿ ಸಿಗುವುದಿಲ್ಲ.

ಆಮೇಲೆ ಮತ್ತೆರಡು ಸಲ ಹೊರದೇಶಕ್ಕೆ ಇದೇ ಐದು ಜನ ಹೋಗಿಬಂದಿದ್ದೇವೆ: ನಾನು, ಇವರು, ಹದಿಮೂರರ ಮಗಳು, ಆರು ದಾಟಿದ ಮಗ, ಎಪ್ಪತ್ತೆರಡರ ಅತ್ತೆ. ಈಗ ಹೋಟೆಲಿನ ಫೋಟೋ ನೋಡುವ ಮೊದಲೇ ನಾನು ಹುಡುಕುವುದು ಎರಡು ಸಂಗತಿ. ಒಳಗೆ ಹಾಕಿಕೊಳ್ಳಬಹುದಾದ ಬಾಗಿಲು ಎಷ್ಟು? ಬಚ್ಚಲು ಎಷ್ಟು? ದುಡ್ಡು ಕೊಟ್ಟ ಮೇಲೆ ಮೆತ್ತನೆ ಹಾಸಿಗೆ, ಒಳ್ಳೆ ಸೋಪು, ಕಿಟಕಿಯಾಚೆ ಊರಿನ ದೀಪ ಎಲ್ಲ ಕಡೆಯೂ ಸಿಗುತ್ತವೆ. ಬೆಳಿಗ್ಗೆ ಏಳೂವರೆಗೆ ಐದು ಜನ ಒಂದು ಬಚ್ಚಲಿನ ಮುಂದೆ ನಿಂತಾಗ ಅವು ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಸಿಂಗಪುರವನ್ನೇ ಇಟ್ಟುಕೊಂಡು ಹೇಳುತ್ತೇನೆ. ನಮ್ಮ ಕಡೆಯ ಎಷ್ಟೋ ಮನೆಗಳ ಮೊದಲ ವಿದೇಶ ಅದೇ, ನನಗೆ ಚೆನ್ನಾಗಿ ಗೊತ್ತಿರುವ ಊರೂ ಅದೇ. ಬೇರೆ ಊರಿನ ನಿಯಮ ಬೇರೆ ಇದ್ದಲ್ಲಿ ಅಲ್ಲಲ್ಲೇ ಸೇರಿಸಿದ್ದೇನೆ.

ಮೊದಲು ತಲೆ ಎಣಿಸಿ, ಹೋಟೆಲಿನ ಕಣ್ಣಿನಲ್ಲಿ

ನಮ್ಮ ಲೆಕ್ಕದಲ್ಲಿ ನಾವು ‘ಇಬ್ಬರು ದೊಡ್ಡವರು, ಒಬ್ಬರು ಅಜ್ಜಿ, ಎರಡು ಮಕ್ಕಳು’. ಹೋಟೆಲಿನ ಲೆಕ್ಕದಲ್ಲಿ ನಾಲ್ಕು ಜನ ದೊಡ್ಡವರು, ಒಂದು ಮಗು. ಬಹುಪಾಲು ಹೋಟೆಲುಗಳಲ್ಲಿ ಹನ್ನೆರಡು ತುಂಬಿದರೆ ಮಗು ಮಗುವಲ್ಲ. ಕೆಲವು ಕಡೆ ಈ ಗೆರೆ ಆರಕ್ಕೂ ಇದೆ, ಕೆಲವು ಕಡೆ ಹದಿನೆಂಟಕ್ಕೂ ಇದೆ. ಆದ್ದರಿಂದ ವೆಬ್‌ಸೈಟು ವಯಸ್ಸು ಕೇಳಿದಾಗ ಇದ್ದದ್ದನ್ನೇ ಹಾಕಿ. ಹದಿಮೂರನ್ನು ಹನ್ನೊಂದು ಮಾಡಿದರೆ ಪರದೆಯ ಮೇಲೆ ದರ ಇಳಿಯುತ್ತದೆ, ನಿಜ. ಸಿಂಗಪುರದಲ್ಲಿ ಚೆಕ್-ಇನ್ ಮೇಜಿನಲ್ಲಿ ಎಲ್ಲರ ಪಾಸ್‌ಪೋರ್ಟ್ ತೆಗೆದುಕೊಳ್ಳುತ್ತಾರೆ, ಹುಟ್ಟಿದ ತಾರೀಖು ಅಲ್ಲೇ ಇರುತ್ತದೆ. ‘ಒಬ್ಬರು ಆಮೇಲೆ ಮೇಲೆ ಬರ್ತಾರೆ’ ಎಂಬ ನಮ್ಮೂರಿನ ಉಪಾಯವೂ ಅಲ್ಲಿ ನಡೆಯುವುದಿಲ್ಲ.

ನಾವು ಬಸ್ಸಿನ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಮಾಡಿಕೊಟ್ಟು ಬೆಳೆದವರು. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದರೆ ಜಗತ್ತು ಸರಿದು ಕೂರುತ್ತದೆ ಎಂದುಕೊಂಡಿರುತ್ತೇವೆ. ಅಲ್ಲಿ ಕೋಣೆಗೆ ಇಷ್ಟು ಜನ ಎಂಬ ಮಿತಿ ಇರುತ್ತದೆ, ಬೆಂಕಿ ಅವಘಡದ ಲೆಕ್ಕವೂ ಅದರಲ್ಲಿ ಸೇರಿರುತ್ತದೆ. ರಿಸೆಪ್ಷನ್ನಿನ ಹುಡುಗಿ ಎಷ್ಟೇ ಒಳ್ಳೆಯವಳಾಗಿದ್ದರೂ ಅದನ್ನು ದಾಟಿಸಲಾರಳು. ತೊಟ್ಟಿಲ ಕೂಸನ್ನೂ ಕೆಲವರು ಎಣಿಸುತ್ತಾರೆ, ಕೆಲವರು ಬಿಡುತ್ತಾರೆ. ಕೂಸಿರುವವರು ಕೇಳಿಕೊಳ್ಳಿ.

ಊರಿಂದ ಊರಿಗೆ ಇದು ಬಹಳ ಬದಲಾಗುತ್ತದೆ. ಅಮೆರಿಕದ ಹೋಟೆಲುಗಳಲ್ಲಿ ಎರಡು ದೊಡ್ಡ ಮಂಚಗಳ ಕೋಣೆ ಮಾಮೂಲು, ನಾಲ್ಕು ಜನ ಆರಾಮಾಗಿ ಮಲಗಬಹುದು. ಪ್ಯಾರಿಸ್, ಲಂಡನ್ನಿನ ಹಳೆಯ ಕಟ್ಟಡಗಳಲ್ಲಿ ಕೋಣೆ ಕಟ್ಟಿರುವುದೇ ಇಬ್ಬರಿಗೆ, ಮೂರನೆಯವರೆಂದರೆ ಪೇಚಾಟ. ಜಪಾನಿನಲ್ಲಿ ಚಿಕ್ಕ ಮಕ್ಕಳನ್ನು ಅಪ್ಪ-ಅಮ್ಮನ ಪಕ್ಕದಲ್ಲೇ ಮಲಗಿಸಿಕೊಳ್ಳುವುದಕ್ಕೆ ‘ಸೊಯಿನೆ’ ಎಂಬ ಹೆಸರೇ ಇದೆ, ಅದಕ್ಕೆ ಬಹಳ ಹೋಟೆಲುಗಳು ದುಡ್ಡು ಕೇಳುವುದಿಲ್ಲ. ಆದರೆ ದೊಡ್ಡವರ ದರವನ್ನು ಅಲ್ಲಿ ತಲೆಗಿಷ್ಟು ಎಂದು ಹಾಕುವುದೂ ಉಂಟು. ಒಂದು ಊರಿನ ಅನುಭವ ಇನ್ನೊಂದಕ್ಕೆ ಹೊತ್ತೊಯ್ಯಬೇಡಿ.

ಒಂದೇ ಕೋಣೆ, ಒಂದು ಎಕ್ಸ್‌ಟ್ರಾ ಬೆಡ್

ಅಗ್ಗದ ದಾರಿ ಇದು. ಮೂರು ಜನಕ್ಕೆ ಸರಿ. ಇಬ್ಬರು ಚಿಕ್ಕ ಮಕ್ಕಳಿರುವ ನಾಲ್ಕು ಜನಕ್ಕೆ ಎರಡು ರಾತ್ರಿಯ ಮಟ್ಟಿಗೆ ಸರಿ. ಐದು ಜನಕ್ಕೆ ಕೊಡುವುದೇ ಇಲ್ಲ ಅಂದುಕೊಳ್ಳಿ.

ಇಲ್ಲಿ ಮೋಸವಾಗುವುದು ಚದರ ಮೀಟರಿನಲ್ಲಿ. ಸಿಂಗಪುರದ ದೊಡ್ಡ ಹೋಟೆಲುಗಳ ಆರಂಭದ ಕೋಣೆಗಳು ಸಾಮಾನ್ಯವಾಗಿ 30 ಚದರ ಮೀಟರಿನ ಆಚೀಚೆ. ಅಂದರೆ 320 ಚದರಡಿ, ನಮ್ಮ ಮೂವತ್ತು-ನಲವತ್ತು ಸೈಟಿನ ಕಾಲು ಭಾಗಕ್ಕಿಂತ ಕೊಂಚ ಹೆಚ್ಚು. ಕೇಳಲು ಪರವಾಗಿಲ್ಲ ಅನ್ನಿಸುತ್ತದೆ. ಅದರಲ್ಲೇ ಬಚ್ಚಲು, ಅದರಲ್ಲೇ ಬಾಗಿಲ ಬಳಿಯ ಓಣಿ, ಅದರಲ್ಲೇ ಬೀರು. ಉಳಿದದ್ದರಲ್ಲಿ ಆರಡಿ ಅಗಲದ ಮಂಚ. ಮಂಚಕ್ಕೂ ಕಿಟಕಿಗೂ ನಡುವಿನ ಜಾಗದಲ್ಲಿ ಎಕ್ಸ್‌ಟ್ರಾ ಬೆಡ್ ಹಾಕಿದರೆ ಪರದೆ ಸರಿಸಲು ಮಂಚದ ಮೇಲೆ ಮೊಣಕಾಲೂರಿ ಹೋಗಬೇಕು. ನಾಲ್ಕು ಸೂಟ್‌ಕೇಸಿನಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಬಿಚ್ಚಬಹುದು, ಅದೂ ಓಣಿಯಲ್ಲಿ. ಆಗ ಬಚ್ಚಲ ಬಾಗಿಲು ಅರ್ಧಕ್ಕೆ ನಿಲ್ಲುತ್ತದೆ.

ಇನ್ನು ಗಾಜಿನ ಗೋಡೆ. ಹೊಸ ಹೋಟೆಲುಗಳ ಫೋಟೋದಲ್ಲಿ ಮಂಚಕ್ಕೂ ಸ್ನಾನದ ತೊಟ್ಟಿಗೂ ನಡುವೆ ಬರೀ ಗಾಜು ಕಂಡರೆ ನಿಂತು ನೋಡಿ. ಮದುವೆಯಾದ ಹೊಸತರಲ್ಲಿ ಅದಕ್ಕೊಂದು ಅರ್ಥವಿರಬಹುದು. ಅತ್ತೆ, ವಯಸ್ಸಿಗೆ ಬಂದ ಮಗಳು ಇಬ್ಬರೂ ಇರುವ ಕೋಣೆಯಲ್ಲಿ ಅದು ದಿನಕ್ಕೆ ಐದು ಸಲ ಎದುರಾಗುವ ಪಂಚಾಯಿತಿ. ಒಳಗಿನಿಂದ ಇಳಿಸುವ ಪರದೆ ಇರುತ್ತದೆ. ಪರದೆಯ ಗುಂಡಿ ಹಲವು ಕಡೆ ಹೊರಗೆ, ಮಂಚದ ತಲೆಯ ಹತ್ತಿರ ಇರುತ್ತದೆ. ನಮ್ಮ ಮಗ ಅದನ್ನು ಕಂಡುಹಿಡಿಯಲು ಹತ್ತು ನಿಮಿಷ ಬೇಕಾಗಲಿಲ್ಲ.

ಕೇಳಬೇಕಾದ್ದು ಇನ್ನೊಂದಿದೆ. ಎಕ್ಸ್‌ಟ್ರಾ ಬೆಡ್ ಎಂದರೆ ಚಕ್ರದ ಮಡಚುವ ಮಂಚವೋ, ಸೋಫಾವನ್ನೇ ಎಳೆದು ಹಾಸುವುದೋ? ಮಡಚುವ ಮಂಚ ದೊಡ್ಡವರಿಗೂ ಪರವಾಗಿಲ್ಲ. ಸೋಫಾ ಬೆಡ್ಡಿನ ನಡುವಿನ ಕಬ್ಬಿಣದ ಪಟ್ಟಿ ಸೊಂಟಕ್ಕೆ ಸಿಗುತ್ತದೆ, ಎಪ್ಪತ್ತು ದಾಟಿದವರಿಗೆ ಅದು ಬೇಡ. ಅತ್ತೆ ಏನೂ ಹೇಳುವವರಲ್ಲ. ‘ಚೆನ್ನಾಗಿ ನಿದ್ದೆ ಬಂತಮ್ಮ’ ಅಂದರು. ಅಂದ ಮೇಲೆ ಎದ್ದು ನಿಲ್ಲಲು ಗೋಡೆ ಹಿಡಿದುಕೊಂಡರು.

ಎರಡು ಕೋಣೆ, ನಡುವೆ ಬಾಗಿಲು

ನನ್ನ ಮೊದಲ ಮತ ಇದಕ್ಕೇ. ಎರಡು ಬಾಗಿಲು, ಎರಡು ಬಚ್ಚಲು, ಎರಡು ಬೀರು, ಎರಡು ಕೆಟಲ್, ಎರಡು ಏಸಿ. ಏಸಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇವರಿಗೆ 20 ಡಿಗ್ರಿ ಬೇಕು, ಅತ್ತೆಗೆ 26 ಆದರೂ ಶಾಲು ಬೇಕು. ಒಂದೇ ಕೋಣೆಯಲ್ಲಿ ಇಬ್ಬರಲ್ಲೊಬ್ಬರು ರಾತ್ರಿಯಿಡೀ ತ್ಯಾಗಮೂರ್ತಿ.

ಮಲಗುವ ವ್ಯವಸ್ಥೆಯೂ ಸುಲಭ. ಒಂದರಲ್ಲಿ ಜೋಡಿ ಮಂಚ ಕೇಳಿ, ಅಜ್ಜಿ-ಮೊಮ್ಮಗಳಿಗೆ. ಇನ್ನೊಂದರಲ್ಲಿ ದೊಡ್ಡ ಮಂಚ, ಗಂಡ-ಹೆಂಡತಿ ಮತ್ತು ಚಿಕ್ಕವನು. ರಾತ್ರಿ ಒಂಬತ್ತಕ್ಕೆ ಅತ್ತೆಯ ಕಡೆ ದೀಪ ಆರುತ್ತದೆ, ನಮ್ಮ ಕಡೆ ಉರಿಯುತ್ತಿರುತ್ತದೆ, ಬಾಗಿಲು ಒಂದು ಗೇಣು ತೆರೆದಿರುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ ಮಾಡಿ ಸ್ತೋತ್ರ ಹೇಳಿಕೊಳ್ಳುವವರಿಗೂ ಎಂಟಕ್ಕೆ ಏಳುವವರಿಗೂ ಒಂದೇ ಪ್ರವಾಸದಲ್ಲಿ ಜಾಗ ಸಿಗುವುದು ಹೀಗೆ ಮಾತ್ರ.

ಕಷ್ಟ ಇರುವುದು ಆ ನಡುಬಾಗಿಲನ್ನು ಖಾತ್ರಿ ಮಾಡಿಕೊಳ್ಳುವುದರಲ್ಲಿ. ಪದಗಳನ್ನು ಗಮನಿಸಿ. ‘ಕನೆಕ್ಟಿಂಗ್’ ಎಂದರೆ ಎರಡು ಕೋಣೆಗಳ ನಡುವೆ ಒಳಬಾಗಿಲು ಇದೆ. ‘ಅಡ್ಜಾಯ್ನಿಂಗ್’ ಎಂದರೆ ಅಕ್ಕಪಕ್ಕ ಇವೆ, ಬಾಗಿಲು ಇರಬಹುದು, ಇಲ್ಲದಿರಬಹುದು. ‘ನಿಯರ್‌ಬೈ’ ಎಂದರೆ ಅದೇ ಓಣಿ ಎಂಬಷ್ಟೇ ಭರವಸೆ. ಬ್ರಿಟನ್ನಿನ ಹೋಟೆಲುಗಳು ‘ಇಂಟರ್‌ಕನೆಕ್ಟಿಂಗ್’ ಎನ್ನುತ್ತವೆ. ಏಜೆಂಟರು ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ‘ಆಗುತ್ತೆ ಮೇಡಂ’ ಎಂದುಬಿಡುತ್ತಾರೆ.

ಹೋಟೆಲಿನವರಿಗೂ ಇದು ತಲೆನೋವೇ, ಅದನ್ನು ಅರ್ಥ ಮಾಡಿಕೊಂಡರೆ ಕೇಳುವ ರೀತಿ ಗೊತ್ತಾಗುತ್ತದೆ. ಕನೆಕ್ಟಿಂಗ್ ಜೋಡಿಗಳು ಇಡೀ ಕಟ್ಟಡದಲ್ಲಿ ಕೆಲವೇ ಇರುತ್ತವೆ. ಮಾರುವಾಗ ಹೋಟೆಲು ಮಾರುವುದು ‘ಡಿಲಕ್ಸ್ ವರ್ಗದ ಒಂದು ಕೋಣೆ’ ಎಂದು. 1412 ಎಂಬ ಕೋಣೆಯನ್ನೇ ಅಲ್ಲ. ಯಾರಿಗೆ ಯಾವ ಸಂಖ್ಯೆ ಎಂಬುದು ನೀವು ಬರುವ ದಿನ ಅಥವಾ ಹಿಂದಿನ ದಿನ ತೀರ್ಮಾನವಾಗುತ್ತದೆ. ಜೋಡಿಯಲ್ಲಿ ಒಂದು ಕೋಣೆಯ ಅತಿಥಿ ಒಂದು ದಿನ ಹೆಚ್ಚಿಗೆ ಉಳಿದರೆ ನಿಮ್ಮ ಜೋಡಿ ಮುರಿಯಿತು. ಇನ್ನೊಂದು: ಹೋಟೆಲುಗಳು ದೊಡ್ಡ ಮಂಚದ ಕೋಣೆಯೊಂದನ್ನು ಜೋಡಿ ಮಂಚದ ಕೋಣೆಗೆ ಸೇರಿಸಿ ಕಟ್ಟಿರುವುದು ಮಾಮೂಲು. ನೀವು ಎರಡರಲ್ಲೂ ದೊಡ್ಡ ಮಂಚ ಬುಕ್ ಮಾಡಿಟ್ಟು ನಡುಬಾಗಿಲು ಕೇಳಿದರೆ, ಅಂಥ ಜೋಡಿಯೇ ಆ ಕಟ್ಟಡದಲ್ಲಿ ಇಲ್ಲದಿರಬಹುದು. ನಾನು ಮಾಡಿದ ತಪ್ಪು ಅದೇ. ವರ್ಗ ಬೇರೆ ಬೇರೆ ಇದ್ದರೂ ಕಥೆ ಅದೇ: ಒಂದು ಸಮುದ್ರದ ನೋಟ, ಒಂದು ಊರಿನ ನೋಟ ಎಂದು ದುಡ್ಡು ಉಳಿಸಲು ಹೋದರೆ ಅವೆರಡೂ ಕಟ್ಟಡದ ಎರಡು ಬೆನ್ನಿಗಿರುತ್ತವೆ, ನಡುವೆ ಲಿಫ್ಟ್ ಇರುತ್ತದೆ.

ಹಾಗಾಗಿ ಕ್ರಮ ಹೀಗಿರಲಿ. ದುಡ್ಡು ಕಟ್ಟುವ ಮೊದಲು ಹೋಟೆಲಿನ ರಿಸರ್ವೇಶನ್ ವಿಭಾಗಕ್ಕೇ ಮೇಲ್ ಮಾಡಿ. ‘ನಿಮ್ಮಲ್ಲಿ ಯಾವ ವರ್ಗದ ಕೋಣೆಗಳು ಒಂದಕ್ಕೊಂದು ಕನೆಕ್ಟ್ ಆಗುತ್ತವೆ? ಅದನ್ನು ಬುಕಿಂಗ್ ಸಮಯದಲ್ಲೇ ಖಾತ್ರಿಪಡಿಸುತ್ತೀರಾ?’ ಎಂದು ಎರಡೇ ಪ್ರಶ್ನೆ. ಉತ್ತರದಲ್ಲಿ ‘ವೀ ವಿಲ್ ಟ್ರೈ ಅವರ್ ಬೆಸ್ಟ್’ ಬಂದರೆ ಅದು ಇಲ್ಲ ಎಂದೇ ಲೆಕ್ಕ. ‘ಗ್ಯಾರಂಟೀಡ್’ ಅಥವಾ ‘ಕನ್ಫರ್ಮ್ಡ್’ ಎಂಬ ಪದ ಬೇಕು, ಅದು ಬುಕಿಂಗ್ ಚೀಟಿಯ ಮೇಲೂ ಬರಬೇಕು. ಹಿಲ್ಟನ್ ಸರಪಳಿ 2021ರಲ್ಲಿ ‘ಕನ್ಫರ್ಮ್ಡ್ ಕನೆಕ್ಟಿಂಗ್ ರೂಮ್ಸ್’ ಎಂದು ತನ್ನ ಸ್ವಂತ ಬುಕಿಂಗ್ ಪುಟದಲ್ಲೇ ಈ ಸೌಲಭ್ಯ ತಂದಿತು, ಎರಡೂ ಕೋಣೆ ಜೋಡಿಯಾಗಿಯೇ ಬುಕ್ ಆಗುತ್ತವೆ. ಬೇರೆ ಹೋಟೆಲುಗಳಲ್ಲಿ ಹೆಚ್ಚಾಗಿ ಮೇಲ್ ಬರೆಯುವುದೇ ದಾರಿ. ಮಧ್ಯವರ್ತಿ ಆ್ಯಪಿನಲ್ಲಿ ನೂರು ರೂಪಾಯಿ ಕಡಿಮೆ ಸಿಗುತ್ತದೆಂದು ಎರಡು ಕೋಣೆಯನ್ನು ಎರಡು ಕಡೆ ಬುಕ್ ಮಾಡುವವರನ್ನೂ ಬಲ್ಲೆ. ಹೋಟೆಲಿನ ಕಂಪ್ಯೂಟರಿಗೆ ಅವರು ಸಂಬಂಧವಿಲ್ಲದ ಎರಡು ಸಂಸಾರ.

ಹದಿಹರೆಯದ ಮಕ್ಕಳನ್ನು ಬೇರೆ ಕೋಣೆಗೆ ಬಿಡುವವರು ಇನ್ನೊಂದು ಕೇಳಿಕೊಳ್ಳಿ. ಕೋಣೆ ಯಾರ ಹೆಸರಿನಲ್ಲಿ? ಕೋಣೆಗೊಬ್ಬ ವಯಸ್ಕರ ಹೆಸರು ಬೇಕೆನ್ನುವ ಹೋಟೆಲುಗಳಿವೆ. ನಾವು ಒಂದು ಬುಕಿಂಗ್ ಇವರ ಹೆಸರಿನಲ್ಲಿ, ಇನ್ನೊಂದು ಅತ್ತೆ ಹೆಸರಿನಲ್ಲಿ ಮಾಡಿ, ಎರಡೂ ಕೋಣೆಯ ಕಾರ್ಡಿನ ಜೋಡಿಯನ್ನು ಎರಡೂ ಕಡೆ ಹಂಚಿಕೊಳ್ಳುತ್ತೇವೆ. ಅತ್ತೆಯ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಚುಕ್ಕೆ ಇರುತ್ತದೆ.

ಸೂಟ್: ಹೆಸರು ನೋಡಿ ಮರುಳಾಗಬೇಡಿ

‘ಜೂನಿಯರ್ ಸೂಟ್’ ಎಂಬುದು ಸಾಮಾನ್ಯವಾಗಿ ಸೋಫಾ ಇರುವ ದೊಡ್ಡ ಕೋಣೆ, ಅಷ್ಟೇ. ನಡುವೆ ಬಾಗಿಲಿರುವುದಿಲ್ಲ. ಹೆಚ್ಚೆಂದರೆ ಅರ್ಧ ಗೋಡೆ, ಅದರ ಮೇಲೆ ತಿರುಗುವ ಟಿವಿ. ಬಾಗಿಲು ಬೇಕಿದ್ದರೆ ‘ಒನ್ ಬೆಡ್‌ರೂಮ್ ಸೂಟ್’ ಎಂದೇ ಇರಬೇಕು. ಅಲ್ಲಿಯೂ ಬಚ್ಚಲು ಒಂದೇ ಇರಬಹುದು, ಅದೂ ಮಲಗುವ ಕೋಣೆಯೊಳಗೆ. ಹಾಲಿನಲ್ಲಿ ಮಲಗಿದವರು ರಾತ್ರಿ ಎರಡಕ್ಕೆ ಎದ್ದರೆ ನಿಮ್ಮ ಮಂಚದ ಕಾಲ ಬಳಿಯಿಂದ ನಡೆದುಹೋಗಬೇಕು. ಹಾಲಿನ ಪಕ್ಕ ‘ಪೌಡರ್ ರೂಮ್’ ಇದ್ದರೆ ಉಳಿದಿರಿ. ಅದು ಬರೀ ಕಮೋಡು-ಸಿಂಕಿನ ಚಿಕ್ಕ ಕೋಣೆ, ಸ್ನಾನಕ್ಕಲ್ಲ. ಆದರೂ ಬೆಳಗಿನ ಸಾಲು ಅರ್ಧವಾಗುತ್ತದೆ.

ಸಿಂಗಪುರದಲ್ಲಿ ಸೂಟ್ ಎಂದರೆ ಮೊದಲು ನೆನಪಾಗುವುದು ರಾಫಲ್ಸ್. 1887ರಲ್ಲಿ ಶುರುವಾದದ್ದು, 2019ರಲ್ಲಿ ದೊಡ್ಡ ನವೀಕರಣ ಮುಗಿಸಿ ಮತ್ತೆ ತೆರೆದದ್ದು. ಅಲ್ಲಿ ಎಲ್ಲವೂ ಸೂಟ್‌ಗಳೇ, ವರಾಂಡ, ಎತ್ತರದ ಚಾವಣಿ ಸಮೇತ. ನೋಡಲು ಮೈಸೂರು ಕಡೆಯ ಹಳೇ ಬಂಗಲೆಗಳ ನೆಂಟನ ಹಾಗಿದೆ. ಗಂಡ-ಹೆಂಡತಿಗೆ, ಹೆಚ್ಚೆಂದರೆ ಒಂದು ಮಗುವಿಗೆ ಅದರಷ್ಟು ಚೆಂದ ಇನ್ನಿಲ್ಲ. ಐದು ಜನಕ್ಕೆ ಅಲ್ಲಿ ಎರಡು ಮಲಗುವ ಕೋಣೆಯ ಸೂಟೇ ಬೇಕಾಗುತ್ತದೆ, ಆ ದರ ನೋಡಿದರೆ ಮಗಳ ಕಾಲೇಜು ಫೀಸು ನೆನಪಾಗುತ್ತದೆ.

ಸೂಟಿನ ಪರವಾಗಿ ಒಂದು ಮಾತು ಹೇಳಲೇಬೇಕು. ಕ್ಲಬ್ ಲೌಂಜ್, ಅಂದರೆ ದುಬಾರಿ ಕೋಣೆಯ ಅತಿಥಿಗಳಿಗೆಂದೇ ಇರುವ ಕೂರುವ ಜಾಗ, ದರದಲ್ಲಿ ಸೇರಿದ್ದರೆ ಬೆಳಗಿನ ತಿಂಡಿ, ಸಂಜೆಯ ಕುರುಕಲು, ಹಗಲಿಡೀ ಕಾಫಿ ಅದರಲ್ಲೇ ಬರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹಿರಿಯರನ್ನು ಕೂರಿಸಲು ತಣ್ಣನೆಯ ಜಾಗ. ಆದರೆ ಸಂಜೆ ಪಾನೀಯದ ವೇಳೆ ಮಕ್ಕಳನ್ನು ಬಿಡದ ಲೌಂಜುಗಳಿವೆ, ಪ್ರವೇಶ ಇಬ್ಬರಿಗೆ ಮಾತ್ರ ಎನ್ನುವವೂ ಇವೆ.

‘ಫ್ಯಾಮಿಲಿ ರೂಮ್’ ಎಂಬ ಇನ್ನೊಂದು ಜಾತಿ ಇದೆ. ಆರ್ಚರ್ಡ್ ಬಳಿಯ ಷಾಂಗ್ರಿ-ಲಾದ ಟವರ್ ವಿಂಗಿನಲ್ಲಿ ಮಕ್ಕಳ ಕಥೆಗಳ ಹಾಗೆ ಸಿಂಗರಿಸಿದ ಕೋಣೆಗಳಿವೆ, ಹೋಟೆಲಿನೊಳಗೇ ‘ಬಡ್ಸ್’ ಎಂಬ ದೊಡ್ಡ ಆಟದ ಜಾಗವೂ ಇದೆ. ಎಂಟರೊಳಗಿನ ಇಬ್ಬರು ಮಕ್ಕಳಿದ್ದರೆ ನಾನು ಹಿಂದೆಮುಂದೆ ನೋಡದೆ ಇದನ್ನು ಹೇಳುತ್ತೇನೆ. ಹದಿಮೂರರ ಹುಡುಗಿಯನ್ನು ಡೇರೆಯಾಕಾರದ ಮಂಚದ ಮುಂದೆ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ಆ ವಯಸ್ಸಿನ ಮಕ್ಕಳಿರುವವರೇ ಊಹಿಸಲಿ.

ಲೆಕ್ಕ ಕೂಡಿಸೋಣ

ಸಿಂಗಪುರದ ದರದ ಪಕ್ಕದಲ್ಲಿ ಎರಡು ಕೂಡುವ ಚಿಹ್ನೆ ಕಂಡರೆ, ‘ಪ್ಲಸ್ ಪ್ಲಸ್’, ಅದು ಅಂತಿಮ ದರವಲ್ಲ. ಮೊದಲು 10% ಸರ್ವೀಸ್ ಚಾರ್ಜ್, ಆ ಮೊತ್ತದ ಮೇಲೆ 9% ಜಿಎಸ್‌ಟಿ. 2024ರ ಜನವರಿಯಿಂದ ಇದು 9. ಎರಡೂ ಸೇರಿದರೆ ಹೆಚ್ಚುಕಡಿಮೆ 20%.

ಉದಾಹರಣೆಗೆ ಸಾದಾ ಕೋಣೆ ರಾತ್ರಿಗೆ 400 ಸಿಂಗಪುರ ಡಾಲರ್ ಪ್ಲಸ್ ಪ್ಲಸ್, ಒನ್ ಬೆಡ್‌ರೂಮ್ ಸೂಟ್ 750 ಎಂದು ಹಿಡಿಯಿರಿ. ಎರಡು ಕೋಣೆಗೆ ಎಲ್ಲ ಸೇರಿ 959 ಡಾಲರ್, ಸೂಟಿಗೆ 899. ಅರವತ್ತು ಡಾಲರ್ ಉಳಿಯಿತು ಎಂದು ಸೂಟ್ ಒತ್ತಿಬಿಡುತ್ತೇವೆ. ನಿಲ್ಲಿ. ದರದಲ್ಲಿ ಸೇರಿದ ತಿಂಡಿ ಸಾಮಾನ್ಯವಾಗಿ ಕೋಣೆಗೆ ಇಬ್ಬರಂತೆ. ಎರಡು ಕೋಣೆಯೆಂದರೆ ನಾಲ್ಕು ತಿಂಡಿ, ಒಂದು ಸೂಟೆಂದರೆ ಎರಡೇ. ಅತ್ತೆ ಮತ್ತು ಹದಿಮೂರರ ಮಗಳು ಹೊರಗುಳಿದರು. ಬಫೆ ತಲೆಗೆ 40 ಪ್ಲಸ್ ಪ್ಲಸ್ ಇದ್ದರೆ ಒಬ್ಬರಿಗೆ 48, ಇಬ್ಬರಿಗೆ 96. ಈಗ ಸೂಟ್ 995. ಚಿಕ್ಕವನ ತಿಂಡಿ ಎರಡೂ ಕಡೆ ಒಂದೇ, ಅವನನ್ನು ಬಿಟ್ಟೇ ಈ ಲೆಕ್ಕ. ಸೂಟಿನ ಸೋಫಾ ಸಾಲದೆ ಎಕ್ಸ್‌ಟ್ರಾ ಬೆಡ್ ಹಾಕಿಸಿದರೆ ಅದೂ ಮೇಲಿನ ಖರ್ಚು, ಅದಕ್ಕೂ ಪ್ಲಸ್ ಪ್ಲಸ್. ಅತ್ತೆ ಆ ಬಫೆಯಲ್ಲಿ ತಿನ್ನುವುದು ಎರಡು ತುಂಡು ಪಪ್ಪಾಯಿ, ಒಂದು ಬಟ್ಟಲು ಮೊಸರು.

ನಿಮ್ಮ ಹೋಟೆಲಿನ ಅಂಕಿ ಬೇರೆಯೇ ಇರುತ್ತದೆ, ಹಾಕಿ ನೋಡಿ. ಊರು ಬದಲಾದರೆ ತೆರಿಗೆಯ ದಿಕ್ಕೂ ಬದಲಾಗುತ್ತದೆ. ದುಬೈನಲ್ಲಿ ‘ಟೂರಿಸಂ ದಿರಹಂ’ ಕೋಣೆಯ ಲೆಕ್ಕ: ಐದು ನಕ್ಷತ್ರದ ಹೋಟೆಲಿನಲ್ಲಿ ಕೋಣೆಗೆ ರಾತ್ರಿಗೆ 20 ದಿರಹಂ, ಎರಡು ಕೋಣೆಗೆ ಎರಡರಷ್ಟು. ಪ್ಯಾರಿಸ್ಸಿನ ಪ್ರವಾಸಿ ತೆರಿಗೆ ತಲೆಯ ಲೆಕ್ಕ, ಹದಿನೆಂಟರೊಳಗಿನವರಿಗೆ ಇಲ್ಲ. ಕೋಣೆ ಎಷ್ಟಾದರೂ ಅದಕ್ಕೆ ಸಂಬಂಧವಿಲ್ಲ.

ಎರಡು ಕೋಣೆಗೆ ಇಳಿದಾಗ ಎರಡು ಡೆಪಾಸಿಟ್ ತಡೆಹಿಡಿಯುತ್ತಾರೆ, ಅದಕ್ಕೆ ಕ್ರೆಡಿಟ್ ಕಾರ್ಡೇ ಕೊಡಿ. ಡೆಬಿಟ್ ಕಾರ್ಡಿನಲ್ಲಿ ಆ ಹಣ ಊರಿಗೆ ವಾಪಸಾದ ಮೇಲೂ ಕೆಲವು ದಿನ ತೂಗಾಡುತ್ತಿರುತ್ತದೆ.

ಸರ್ವೀಸ್ಡ್ ಅಪಾರ್ಟ್‌ಮೆಂಟ್

ಐದಾರು ದಿನಕ್ಕಿಂತ ಹೆಚ್ಚು ಇರುವವರಿಗೆ, ಮನೆಯ ಊಟ ಬೇಕೇಬೇಕೆನ್ನುವವರಿಗೆ ಇದು. ಆಸ್ಕಾಟ್, ಫ್ರೇಸರ್ ಥರದ ಸಿಂಗಪುರದ್ದೇ ಹೆಸರುಗಳಿವೆ. ಎರಡು ಮಲಗುವ ಕೋಣೆಯದ್ದು ತೆಗೆದುಕೊಂಡರೆ ಅಡುಗೆಮನೆ, ವಾಷಿಂಗ್ ಮೆಷಿನ್, ಊಟದ ಮೇಜು ಎಲ್ಲ ಒಂದೇ ಬಾಗಿಲೊಳಗೆ. ಹೋಟೆಲಿನ ಲಾಂಡ್ರಿಯಲ್ಲಿ ಒಂದು ಅಂಗಿಗೆ ಕೊಡುವ ದುಡ್ಡಿಗೆ ನಮ್ಮಲ್ಲಿ ಇನ್ನೊಂದು ಅಂಗಿ ಬರುತ್ತದೆ, ಹಾಗಾಗಿ ಚಿಕ್ಕ ಮಕ್ಕಳಿರುವವರು ವಾಷಿಂಗ್ ಮೆಷಿನ್ನಿಗೆ ಬೆಲೆ ಕಟ್ಟಿಯೇ ಹೋಲಿಸಬೇಕು.

ಕೊರತೆಯೂ ಇದೆ. ಎಲ್ಲಿ ಅಡುಗೆಮನೆ ಇದೆಯೋ ಅಲ್ಲಿ ಯಾರೋ ಒಬ್ಬರು ನಿಂತಿರುತ್ತಾರೆ. ಅದು ಯಾರು ಎಂದು ಹೊರಡುವ ಮೊದಲೇ ಮಾತಾಡಿಕೊಳ್ಳದಿದ್ದರೆ, ಸಿಂಗಪುರದಲ್ಲೂ ಬೆಳಿಗ್ಗೆ ಒಗ್ಗರಣೆ ಹಾಕುತ್ತಾ ನಿಲ್ಲುವವಳು ನೀವೇ. ಈಜುಕೊಳ, ಬಾಗಿಲು ತೆಗೆಯುವವರು, ದಿನವೂ ಹಾಸಿಗೆ ಸರಿಮಾಡುವವರು ಹೋಟೆಲಿನಷ್ಟು ಇರಲಾರರು. ಸರ್ವೀಸ್ಡ್ ಅಪಾರ್ಟ್‌ಮೆಂಟ್ ಎಂದೇ ಪರವಾನಗಿ ಇರುವ ಕಟ್ಟಡಗಳಲ್ಲಿ ಕನಿಷ್ಠ 7 ದಿನ ಇರಬೇಕೆಂಬ ನಿಯಮವಿದೆ, ಹೋಟೆಲ್ ಪರವಾನಗಿಯೂ ಇರುವಲ್ಲಿ ಒಂದು ರಾತ್ರಿಗೂ ಕೊಡುತ್ತಾರೆ. ಖಾಸಗಿ ಮನೆ, ಫ್ಲ್ಯಾಟುಗಳನ್ನು ಮಾತ್ರ ಮುಟ್ಟಬೇಡಿ: ಅಲ್ಲಿ 3 ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವುದೇ ಕಾನೂನಿಗೆ ವಿರುದ್ಧ.

ಹೋಟೆಲು ಕೋಣೆಯಲ್ಲಿ ಪುಟ್ಟ ರೈಸ್ ಕುಕ್ಕರ್ ಇಟ್ಟು ಗುಟ್ಟಾಗಿ ಅನ್ನ ಮಾಡುವ ಉಪಾಯ ಹಲವರು ಹೇಳುತ್ತಾರೆ. ಬೇಡ. ಅಗರಬತ್ತಿಯೂ ಬೇಡ. ಚಾವಣಿಯ ಹೊಗೆ ಯಂತ್ರಕ್ಕೆ ದೇವರ ಹೊಗೆ, ಸಿಗರೇಟಿನ ಹೊಗೆ ಎಂಬ ಭೇದವಿಲ್ಲ. ಅತ್ತೆ ಈಗ ಬ್ಯಾಟರಿ ದೀಪ ತರುತ್ತಾರೆ. ಕೆಟಲಿನ ಬಿಸಿನೀರಿಗೆ ಅವಲಕ್ಕಿ, ಹುರಿದ ರವೆಯ ಇನ್‌ಸ್ಟಂಟ್ ಉಪ್ಪಿಟ್ಟು ಸಾಕಾಗುತ್ತದೆ. ನಲ್ಲಿ ನೀರು ಕುಡಿಯಬಹುದು, ಬಾಟಲಿಗೆ ದುಡ್ಡು ಹಾಕಬೇಡಿ.

ಯಾವ ಮೂಲೆಯಲ್ಲಿ

ಮಕ್ಕಳ ಬಾಯಲ್ಲಿ ಒಂದೇ ಹೆಸರು, ಮರೀನಾ ಬೇ ಸ್ಯಾಂಡ್ಸ್. 2010ರಲ್ಲಿ ತೆರೆದದ್ದು, ಮೂರು ಗೋಪುರ, ಮೇಲೆ ದೋಣಿ ಇಟ್ಟ ಹಾಗೆ 57ನೇ ಮಹಡಿಯ ಈಜುಕೊಳ. ಆ ಕೊಳಕ್ಕೆ ಅಲ್ಲಿ ತಂಗಿದವರಿಗೆ ಮಾತ್ರ ಪ್ರವೇಶ. ಹಾಗಾಗಿ ಹೊರಗಿನಿಂದ ನೋಡಿ ಬರುತ್ತೇವೆ ಎನ್ನುವ ರಾಜಿ ಸೂತ್ರ ಮಕ್ಕಳ ಮುಂದೆ ನಿಲ್ಲುವುದಿಲ್ಲ. ನನ್ನ ಸಲಹೆ: ಕೊನೆಯ ಒಂದು ರಾತ್ರಿ ಮಾತ್ರ ಅಲ್ಲಿ. ಆದರೆ ಅಷ್ಟು ದೊಡ್ಡ ಕಟ್ಟಡದಲ್ಲಿ ಕೋಣೆಯಿಂದ ರಸ್ತೆಗೆ ಬರುವುದೇ ಒಂದು ವಾಕಿಂಗು. ಮಂಡಿ ನೋವಿನವರಿದ್ದರೆ ಲಿಫ್ಟಿಗೆ ಹತ್ತಿರದ ಕೋಣೆ ಕೇಳಿ.

ಫುಲ್ಲರ್ಟನ್ 1928ರ ಕಟ್ಟಡ, ಒಂದು ಕಾಲದ ದೊಡ್ಡ ಅಂಚೆ ಕಚೇರಿ. ಹೋಟೆಲಾದದ್ದು 2001ರಲ್ಲಿ. ಅಲ್ಲಿ ಕಡಿಮೆ ದರದ ‘ಕೋರ್ಟ್‌ಯಾರ್ಡ್’ ಕೋಣೆಗಳ ಕಿಟಕಿ ನದಿಗಲ್ಲ, ಕಟ್ಟಡದ ಒಳಗಿನ ಅಂಗಳಕ್ಕೆ ತೆರೆಯುತ್ತದೆ. ಬಚ್ಚಲು-ಬಾಗಿಲಿಗೆ ಆದ್ಯತೆ ಕೊಡುವ ನಮ್ಮಂಥವರಿಗೆ ಅಡ್ಡಿಯಿಲ್ಲ, ಹಗಲು ಕೋಣೆಯಲ್ಲಿರುವವರು ಯಾರು? ಹಿರಿಯರು. ಅವರಿಗೆ ಕಿಟಕಿ ಬೇಕು. ಇದನ್ನು ನಾನು ಆಮೇಲೆ ಕಲಿತೆ.

ಊಟದ ಚಿಂತೆಗೆ ಹೋಟೆಲನ್ನೇ ಲಿಟಲ್ ಇಂಡಿಯಾದಲ್ಲಿ ಹಿಡಿಯಬೇಕಿಲ್ಲ. ಮರೀನಾ ಬೇ ಪಕ್ಕದ ಬೇಫ್ರಂಟ್ ನಿಲ್ದಾಣದಿಂದ ಡೌನ್‌ಟೌನ್ ಲೈನಿನಲ್ಲಿ ನಾಲ್ಕನೇ ನಿಲ್ದಾಣವೇ ಲಿಟಲ್ ಇಂಡಿಯಾ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸ್ ಇದೆ, ಇನ್ನಷ್ಟು ಮುಂದೆ ಹೋದರೆ ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಆಸುಪಾಸಿನಲ್ಲಿ ನಮ್ಮ ಎಂಟಿಆರ್. ರವೆ ಇಡ್ಲಿಯ ತಟ್ಟೆ ಮುಂದೆ ಬಂದಾಗ ಅತ್ತೆ ಮೂರು ದಿನದಲ್ಲಿ ಮೊದಲ ಸಲ ‘ಇನ್ನೊಂದು ತರಿಸು’ ಅಂದರು.

ಮೆಟ್ರೋ ಇಳಿದು ನಡೆಯಲಾಗದ ದಿನ ಇನ್ನೊಂದು ಎಣಿಕೆ ಎದುರಾಗುತ್ತದೆ. ಮಾಮೂಲು ಟ್ಯಾಕ್ಸಿಗೆ ನಾಲ್ಕೇ ಜನ. ಐದನೆಯವರಿದ್ದರೆ ಆರು ಸೀಟಿನದ್ದು ಕರೆಯಬೇಕು, ದರ ಏರುತ್ತದೆ. ಆ್ಯಪಿನ ಖಾಸಗಿ ಕಾರುಗಳಲ್ಲಿ 1.35 ಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ‘ಚೈಲ್ಡ್ ಸೀಟ್’ ಎಂಬ ಮಕ್ಕಳ ಸುರಕ್ಷತಾ ಸೀಟು ಕಡ್ಡಾಯ, ಟ್ಯಾಕ್ಸಿಗಳಿಗೆ ಈ ನಿಯಮದಿಂದ ವಿನಾಯಿತಿ. ಹಾಗಾಗಿ ಐದು ಜನರ ಸಂಸಾರಕ್ಕೆ ಮೆಟ್ರೋ ನಿಲ್ದಾಣದ ನೆತ್ತಿಯ ಮೇಲಿರುವ ಹೋಟೆಲು, ದೂರದ ಚೆಂದದ ಹೋಟೆಲಿಗಿಂತ ದಿನವೂ ದುಡ್ಡು ಉಳಿಸುತ್ತದೆ.

ತಾರೀಖು ಹಿಡಿಯುವಾಗ ಒಂದು ಕಣ್ಣು ಕಾರ್ ರೇಸಿನ ಮೇಲಿರಲಿ. 2008ರಿಂದ ಫಾರ್ಮುಲಾ ಒನ್ ಅಲ್ಲಿನ ಬೀದಿಗಳಲ್ಲೇ ನಡೆಯುತ್ತದೆ, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2, ರೇಸು 5. ದಸರಾ ರಜೆಗೆ ಹೋಗೋಣ ಎಂದವರು ಮರೀನಾ ಬೇ ಸುತ್ತಿನ ದರ ನೋಡಿ ಮೈಸೂರಿಗೇ ಹೋಗಿಬಂದರು.

ಬೆಳಗಿನ ಆರು ಗಂಟೆ

ಬೆಂಗಳೂರಿನಿಂದ ರಾತ್ರಿ ಹನ್ನೊಂದರ ಸುಮಾರಿಗೆ ಹೊರಡುವ ವಿಮಾನ ಸಿಂಗಪುರ ಮುಟ್ಟುವುದು ಬೆಳಿಗ್ಗೆ ಆರರ ಹೊತ್ತಿಗೆ. ಹಾರಾಟ ನಾಲ್ಕೂವರೆ ಗಂಟೆ, ಗಡಿಯಾರ ಎರಡೂವರೆ ಗಂಟೆ ಮುಂದೆ. ಅಂದರೆ ಸರಿಯಾಗಿ ನಿದ್ದೆಯೂ ಇಲ್ಲ. ಚೆಕ್-ಇನ್ ಮಧ್ಯಾಹ್ನ ಮೂರಕ್ಕೆ. ನಡುವಿನ ಒಂಬತ್ತು ಗಂಟೆಯಲ್ಲಿ ಊದಿದ ಕಾಲಿನ ಅತ್ತೆ, ಸಿಡಿಮಿಡಿಗುಟ್ಟುವ ಮಗ, ಬೆವರಿದ ಬಟ್ಟೆ. ಲಗೇಜು ಇಟ್ಟುಕೊಂಡು ‘ಊರು ಸುತ್ತಿಬನ್ನಿ’ ಎನ್ನುತ್ತಾರೆ. ಆ ಸುತ್ತಾಟ ಯಾರಿಗೂ ನೆನಪಿರುವುದಿಲ್ಲ.

ಎರಡು ಕೋಣೆಯ ಇನ್ನೊಂದು ಲಾಭ ನನಗೆ ಗೊತ್ತಾದದ್ದು ಇಲ್ಲಿ. ಒಂದೇ ದೊಡ್ಡ ಸೂಟ್ ಇದ್ದರೆ ಹಿಂದಿನ ರಾತ್ರಿಯ ದುಡ್ಡೂ ಸೂಟಿನ ದರದಲ್ಲೇ ಕಟ್ಟಬೇಕು. ಎರಡು ಕೋಣೆಯಾದರೆ ಒಂದನ್ನು ಮಾತ್ರ ಹಿಂದಿನ ರಾತ್ರಿಯಿಂದ ಹಿಡಿಯಿರಿ, ಇನ್ನೊಂದು ಮಾಮೂಲು ದಿನದಿಂದ. ‘ನಾವು ಬೆಳಿಗ್ಗೆ ಏಳಕ್ಕೆ ಬರುತ್ತೇವೆ, ಕೋಣೆ ಬಿಡಬೇಡಿ, ಎರಡನೆಯದು ಸಿದ್ಧವಾಗುವವರೆಗೆ ಎಲ್ಲರೂ ಇಲ್ಲಿಯೇ ಕೂರಬಹುದೇ?’ ಎಂದು ಮೇಲ್ ಮಾಡಿಟ್ಟರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಎಲ್ಲರೂ ಸರದಿಯಲ್ಲಿ ಸ್ನಾನ ಮುಗಿಸಿ, ಹಿರಿಯರು ಚಿಕ್ಕವರು ಮಲಗಿ, ಉಳಿದವರು ಕಾಫಿಗೆ ಇಳಿಯಬಹುದು. ಹೊರಡುವ ದಿನವೂ ಇದೇ ಉಪಾಯ ತಿರುಗಿಸಿ. ಒಂದು ಕೋಣೆ ಹನ್ನೊಂದಕ್ಕೇ ಖಾಲಿ ಮಾಡಿ, ಇನ್ನೊಂದಕ್ಕೆ ಮಾತ್ರ ಲೇಟ್ ಚೆಕ್-ಔಟ್ ಕೇಳಿ. ಕಳೆದ ಸಲ ನಮಗೆ ಸಂಜೆ ನಾಲ್ಕರವರೆಗೆ ಕೊಟ್ಟರು. ಐದು ಜನರ ಲಗೇಜು ಅತ್ತೆಯ ಕೋಣೆಗೆ ಬಂತು, ನಡುಬಾಗಿಲಿಗೆ ಹೌಸ್‌ಕೀಪಿಂಗಿನವರು ಆ ಕಡೆಯಿಂದ ಬೀಗ ಹಾಕಿದರು. ಅತ್ತೆ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು, ಮಡಿಲಲ್ಲಿ ಚುಕ್ಕೆಯ ಕಾರ್ಡು ಇಟ್ಟುಕೊಂಡು, ಹಡಗುಗಳನ್ನು ಎಣಿಸುತ್ತಾ ಕೂತಿದ್ದರು.